ಮೋಟಾರ್ ಕೂಗುತ್ತದೆ, ದೋಣಿ ಏಳುವುದಿಲ್ಲ: ಪಿಬಿಆರ್ ಮಾದರಿಯ ಜೆಟ್ ದೋಷ ಹಿಡಿಯುವುದು ಹೇಗೆ

ಪಿಬಿಆರ್ ಅಂದರೆ ವಿಯೆಟ್ನಾಂ ಯುದ್ಧದ ಗಸ್ತು ದೋಣಿ. ಅದರ 1/16 ಅಳತೆಯ, ರಿಮೋಟಿನಲ್ಲಿ ಓಡುವ ನನ್ನ ಮಾದರಿಯನ್ನು ಮೊದಲ ಸಲ ನೀರಿಗೆ ಬಿಟ್ಟಾಗ ಅದು ಬಾತುಕೋಳಿಯ ಹಾಗೆ ಹೋಯಿತು. ರಿಮೋಟಿನ ಸ್ಟಿಕ್ ಪೂರ್ತಿ ಮುಂದಕ್ಕೆ ತಳ್ಳಿದ್ದೆ. ಒಳಗಿನ ಎರಡೂ ಮೋಟಾರ್‌ಗಳು ಮಿಕ್ಸಿಯ ಹಾಗೆ ಚೀರುತ್ತಿದ್ದವು. ದೋಣಿ ಮಾತ್ರ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಮೂತಿ ಒಂಚೂರು ಎತ್ತಿಕೊಂಡು ತೇಲುತ್ತಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಮೋಟಾರ್ ಸಾಲದು ಅಂದುಕೊಂಡು ದೊಡ್ಡ ಮೋಟಾರ್ ತಂದು ಹಾಕಿದೆ. ದೋಣಿ ಮೊದಲಿನಷ್ಟೇ ನಿಧಾನ, ಚೀರಾಟ ಮಾತ್ರ ಜಾಸ್ತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೊನೆಗೆ ಸಿಕ್ಕಿದ ಕಾರಣ ಏನು ಗೊತ್ತಾ? ಮೋಟಾರಿನಿಂದ ಪಂಪಿಗೆ ಹೋಗುವ ಶಾಫ್ಟಿನ ಟ್ಯೂಬಿನಲ್ಲಿ ಗ್ರೀಸ್ ಇರಲಿಲ್ಲ. ಅಷ್ಟೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಂಪಿನಿಂದ ನೀರು ಹೀರಿ ಹಿಂದಕ್ಕೆ ಉಗುಳಿ ಓಡುವ ಜೆಟ್ ದೋಣಿ ಕೆಟ್ಟರೆ ಹುಡುಕುವ ಕ್ರಮ ಪ್ರೊಪೆಲ್ಲರ್ ದೋಣಿಯದಲ್ಲ. ಮೊದಲು ಗಾಳಿ, ಆಮೇಲೆ ತೂಕ, ಆಮೇಲೆ ಪಂಪು, ಎಲ್ಲಕ್ಕೂ ಕೊನೆಗೆ ಮೋಟಾರ್. ನಾನು ನೋಡಿದ ದೋಣಿಗಳಲ್ಲಿ ಮೋಟಾರೇ ಕಾರಣ ಆಗಿದ್ದು ಬಲು ಅಪರೂಪ.

ಅಸಲಿ ದೋಣಿಗೆ ಜೆಟ್ ಯಾಕಿತ್ತು

ಇದನ್ನು ತಿಳಿದುಕೊಂಡರೆ ಮಾದರಿಯ ಅರ್ಧ ತೊಂದರೆ ತಾನಾಗಿ ಅರ್ಥವಾಗುತ್ತದೆ. ಪಿಬಿಆರ್ ಅನ್ನುವುದು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಮೆಕಾಂಗ್ ನದಿಯ ಕವಲುಗಳಲ್ಲಿ, ಕಾಲುವೆಗಳಲ್ಲಿ 1966ರಿಂದ ಓಡಿಸಿದ ಗಸ್ತು ದೋಣಿ. ಮೈ ಪೂರ್ತಿ ಫೈಬರ್‌ಗ್ಲಾಸ್. ಒಳಗೆ ಎರಡು ಡೆಟ್ರಾಯಿಟ್ ಡೀಸೆಲ್ ಎಂಜಿನ್, ಹಿಂದೆ ಎರಡು ಜಕೂಜಿ ವಾಟರ್ ಜೆಟ್ ಪಂಪು. ನೀರು ಎರಡಡಿ ಆಳ ಇದ್ದರೂ ಸಾಕಾಗುತ್ತಿತ್ತು, ಯಾಕೆಂದರೆ ಕೆಳಗೆ ಪ್ರೊಪೆಲ್ಲರೂ ಇಲ್ಲ, ಚುಕ್ಕಾಣಿಯೂ ಇಲ್ಲ. ತಳದಿಂದ ನೀರು ಹೀರುವುದು, ಹಿಂದಿನ ನಾಝಲ್‌ನಿಂದ ಜೋರಾಗಿ ಉಗುಳುವುದು, ನಾಝಲನ್ನು ಆಚೀಚೆ ತಿರುಗಿಸಿ ದೋಣಿ ತಿರುಗಿಸುವುದು.

ಅಲ್ಲೂ ಇದೇ ಗೋಳು ಇತ್ತು. ನದಿಯ ಕಳೆ, ಕಸ ಪಂಪಿನ ಬಾಯಿಗೆ ಸಿಕ್ಕಿಕೊಂಡು ವೇಗ ಬಿದ್ದುಹೋಗುತ್ತಿತ್ತು, ಸಿಬ್ಬಂದಿ ದೋಣಿ ನಿಲ್ಲಿಸಿ ಅದನ್ನು ಕೀಳಬೇಕಿತ್ತು. ನಮ್ಮ ಪುಟ್ಟ ಪಂಪಿನ ಬಾಯಿ ಹೆಬ್ಬೆರಳಿನಷ್ಟು ದೊಡ್ಡದು. ಒಂದು ಎಳೆ ಪಾಚಿ ಸಾಕು.

ನೀರಿಗೆ ಹೋಗುವ ಮೊದಲು ತೊಟ್ಟಿಗೆ

ಕೆರೆಯ ದಂಡೆಯಲ್ಲಿ ನಿಂತು ದೋಷ ಹುಡುಕಬೇಡಿ. ಇಪ್ಪತ್ತು ಮೀಟರ್ ದೂರದಲ್ಲಿರುವ ದೋಣಿ ಏನನ್ನೂ ಹೇಳುವುದಿಲ್ಲ. ಸ್ನಾನದ ತೊಟ್ಟಿಯೋ ದೊಡ್ಡ ಪ್ಲಾಸ್ಟಿಕ್ ಟಬ್ಬೋ ಸಾಕು. ದೋಣಿಯನ್ನು ಅದರಲ್ಲಿ ತೇಲಿಸಿ, ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಸ್ಟಿಕ್ ಕಾಲು ಭಾಗ ಮಾತ್ರ ಕೊಡಿ. ಕೈ ನಾಝಲ್‌ನ ಹತ್ತಿರ, ತಳದ ಹೀರುವ ಬಾಯಿಯ ಹತ್ತಿರ ಹೋಗದಿರಲಿ. ಒಂದು ಮಾತು ನೆನಪಿಡಿ, ಪಂಪನ್ನು ಒಣದರಲ್ಲಿ ಓಡಿಸಬೇಡಿ. ಅದರೊಳಗೆ ಶಾಫ್ಟನ್ನು ಹಿಡಿದಿರುವ ಬಳೆ, ಅಂದರೆ ಬುಷ್, ತಣ್ಣಗಿರುವುದೇ ನೀರಿನಿಂದ. ಮೇಜಿನ ಮೇಲೆ ಅರ್ಧ ನಿಮಿಷ ಓಡಿಸಿ ತೋರಿಸಿದರೆ ಬುಷ್ ಸುಟ್ಟು ಹೋಗುತ್ತದೆ, ಆಮೇಲೆ ನೀವು ಹುಡುಕುವ ದೋಷ ನೀವೇ ಮಾಡಿದ್ದು.

ಈಗ ನಾಝಲ್‌ನಿಂದ ಬರುವ ನೀರನ್ನು ನೋಡಿ. ಇಲ್ಲಿ ಮೂರೇ ಸಾಧ್ಯತೆ. ನೀರು ಗಾಜಿನ ಕೋಲಿನ ಹಾಗೆ ಗಟ್ಟಿಯಾಗಿ, ತಿಳಿಯಾಗಿ ಬಂದರೆ ಪಂಪು ಚೆನ್ನಾಗಿದೆ, ತೊಂದರೆ ಬೇರೆ ಕಡೆ. ಬಿಳಿ ನೊರೆ ಹಾಗೆ ಉಗುಳುತ್ತಾ, ಪುಟಪುಟ ಅಂತ ಕೆಮ್ಮಿದರೆ ಎಲ್ಲಿಂದಲೋ ಗಾಳಿ ಹೋಗುತ್ತಿದೆ. ಮೋಟಾರ್ ಚೀರುತ್ತಿದ್ದರೂ ನೀರೇ ಬರದಿದ್ದರೆ, ಒಂದೋ ಇಂಪೆಲ್ಲರ್ (ನೀರು ತಳ್ಳುವ ಪಂಪಿನೊಳಗಿನ ರೆಕ್ಕೆ ಚಕ್ರ) ತಿರುಗುತ್ತಿಲ್ಲ, ಇಲ್ಲವೇ ಪಂಪಿಗೆ ನೀರೇ ತುಂಬಿಲ್ಲ.

ಇದರ ಜೊತೆಗೆ ಬ್ಯಾಟರಿ ಮತ್ತು ಸ್ಪೀಡ್ ಕಂಟ್ರೋಲರ್ (ಮೋಟಾರಿನ ವೇಗ ಹತೋಟಿಯಲ್ಲಿಡುವ ಸಾಧನ) ನಡುವೆ ಒಂದು ವಾಟ್ ಮೀಟರ್ ಹಾಕಿಕೊಳ್ಳಿ. ಜಾಸ್ತಿ ಬೆಲೆಯದ್ದೇನೂ ಬೇಡ. ದೋಣಿ ಚೆನ್ನಾಗಿ ಓಡುವ ಕಾಲದಲ್ಲೇ ಅರ್ಧ ಸ್ಟಿಕ್ಕಿಗೆ ಎಷ್ಟು ಆಂಪ್ ತೋರಿಸುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ದೋಣಿಯ ಮುಚ್ಚಳದ ಒಳಗೆ ಅಂಟಿಸಿದರೆ ಮುಂದೆ ಅದೇ ನಿಮ್ಮ ವೈದ್ಯ. ಲೆಕ್ಕ ಸುಲಭ. ಆಂಪ್ ಕಡಿಮೆ, ಸದ್ದು ಜೋರು ಅಂದರೆ ಮೋಟಾರಿಗೆ ಕೆಲಸವೇ ಇಲ್ಲ, ಗಾಳಿ ಕಡೆಯುತ್ತಿದೆ ಅಥವಾ ಮೋಟಾರನ್ನು ಪಂಪಿನ ಶಾಫ್ಟಿಗೆ ಸೇರಿಸುವ ಕಪ್ಲಿಂಗ್ ಜಾರುತ್ತಿದೆ. ಆಂಪ್ ಜಾಸ್ತಿ, ಸದ್ದು ಮಂದ ಅಂದರೆ ಏನೋ ಸಿಕ್ಕಿಕೊಂಡಿದೆ ಅಥವಾ ಉಜ್ಜುತ್ತಿದೆ. ನನ್ನ ಮೊದಲ ದೋಣಿಯ ದಿನ ನನ್ನ ಹತ್ತಿರ ಈ ಮೀಟರ್ ಇದ್ದಿದ್ದರೆ ಆ ದೊಡ್ಡ ಮೋಟಾರಿನ ದುಡ್ಡು ಉಳಿಯುತ್ತಿತ್ತು.

ಗಾಳಿ ಎಲ್ಲಿಂದ ನುಗ್ಗುತ್ತದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

ಪಂಪು ಹೀರುವ ಕಡೆ ಒತ್ತಡ ಕಡಿಮೆ ಇರುತ್ತದೆ. ಅಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಅದು ನೀರನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದೋಣಿ ನಿಂತಿದ್ದಾಗ ಹೆಚ್ಚಾಗಿ ಎಲ್ಲಾ ಒಣಗಿಯೇ ಇರುತ್ತದೆ, ಹಾಗಾಗಿ ನಿಮಗೆ ಅನುಮಾನವೂ ಬರುವುದಿಲ್ಲ. ಅದೇ ಮೋಸ.

ಮೊದಲನೇ ಆರೋಪಿ ಶಾಫ್ಟ್ ಟ್ಯೂಬು. ಮೋಟಾರಿನಿಂದ ಇಂಪೆಲ್ಲರ್‌ಗೆ ಹೋಗುವ ಶಾಫ್ಟ್ ಹೀರುವ ಕೊಳವೆಯ ಒಳಗೇ ಹಾದು ಹೋಗುತ್ತದೆ ಅಲ್ವಾ? ಅದರ ಟ್ಯೂಬಿನ ಇನ್ನೊಂದು ತುದಿ ದೋಣಿಯ ಒಳಗೆ, ಗಾಳಿಯಲ್ಲಿ ತೆರೆದುಕೊಂಡಿರುತ್ತದೆ. ನಡುವೆ ತಡೆಯಾಗಿ ಇರುವುದು ಗ್ರೀಸ್ ಒಂದೇ. ಗ್ರೀಸ್ ಒಣಗಿದರೆ, ಅಥವಾ ತೆಳ್ಳಗಿನ ಎಣ್ಣೆ ಹಾಕಿದ್ದು ಕೊಚ್ಚಿ ಹೋದರೆ, ಪಂಪು ದೋಣಿಯ ಹೊಟ್ಟೆಯಿಂದಲೇ ಗಾಳಿ ಕುಡಿಯುತ್ತದೆ. ನೀರಿಗೆ ಕರಗದ, ದಪ್ಪಗಿರುವ ಮೆರೈನ್ ಗ್ರೀಸ್ ಬೇಕು. ಟ್ಯೂಬಿನ ಒಂದು ತುದಿಯಿಂದ ತುಂಬಿದ್ದು ಇನ್ನೊಂದು ತುದಿಯಲ್ಲಿ ಇಣುಕುವವರೆಗೆ ತುಂಬಿ. ಮತ್ತೆ ತೊಟ್ಟಿಯಲ್ಲಿ ಓಡಿಸಿ. ನೊರೆ ಹೋಗಿ ನೀರು ಗಟ್ಟಿಯಾದರೆ ಅಲ್ಲಿಗೆ ಮುಗಿಯಿತು, ಮುಂದೆ ಓದಬೇಕಾಗಿಲ್ಲ.

ಎರಡನೆಯದು, ಪಂಪಿನ ಬಾಯಿಯನ್ನು ತಳಕ್ಕೆ ಅಂಟಿಸಿದ ಸುತ್ತಿನ ಸಂದು. ಎಪಾಕ್ಸಿ ಸರಿಯಾಗಿ ಹರಿದಿಲ್ಲದಿದ್ದರೆ ಅಲ್ಲಿ ಕೂದಲೆಳೆಯಷ್ಟು ದಾರಿ ಉಳಿದಿರುತ್ತದೆ. ಪತ್ತೆ ಹಚ್ಚಲು ಒಂದು ಉಪಾಯ: ದೋಣಿಯ ಒಳಗಡೆ ಆ ಸಂದಿನ ಸುತ್ತ ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿ, ಹೊರಗಿನಿಂದ ಬಾಯಿಗೆ ಒಂದು ಕೊಳವೆ ಒತ್ತಿ ಹಿಡಿದು, ನಾಝಲ್ ಮುಚ್ಚಿ, ಮೆತ್ತಗೆ ಊದಿ. ಗುಳ್ಳೆ ಎದ್ದ ಕಡೆ ತೂತಿದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೇ.

ಮೂರನೆಯದು ಸ್ವಲ್ಪ ಕಷ್ಟದ್ದು. ತೊಟ್ಟಿಯಲ್ಲಿ ಎಲ್ಲಾ ಸರಿ, ಕೆರೆಯಲ್ಲಿ ವೇಗ ಹಿಡಿದ ಕೂಡಲೇ ಚೀರುತ್ತದೆ, ನಿಧಾನ ಮಾಡಿದರೆ ಮತ್ತೆ ಸರಿ. ಇದಕ್ಕೆ ಕಾರಣ ಒಳಗಿನ ಗಾಳಿ ಅಲ್ಲ, ಹೊರಗಿನದು. ಮುಂಭಾಗದಲ್ಲಿ ಕಡೆದ ಗುಳ್ಳೆಗಳು ತಳದ ಗುಂಟ ಜಾರಿಕೊಂಡು ನೇರ ಪಂಪಿನ ಬಾಯಿಗೆ ಬರುತ್ತವೆ. ಬಾಯಿಯ ಮುಂದೆ ತಳದಲ್ಲಿ ಏನಾದರೂ ಉಬ್ಬು, ಅಂಟಿನ ಗಡ್ಡೆ, ಸ್ಕ್ರೂ ತಲೆ, ಬಣ್ಣದ ಮೆಟ್ಟಿಲು ಇದೆಯಾ ಅಂತ ಬೆರಳು ಸವರಿ ನೋಡಿ. ಬಾಯಿಯ ಮುಂದಿನ ಒಂದು ಗೇಣು ಜಾಗ ಕನ್ನಡಿಯ ಹಾಗೆ ನುಣುಪಾಗಿರಬೇಕು. ಬಾಯಿಗೆ ಜಾಲರಿ ಹಾಕಿದ್ದರೆ ಅದರ ಕಡ್ಡಿಗಳು ದೋಣಿಯ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಅಲ್ಲ. ಅಡ್ಡ ಕಡ್ಡಿ ನೀರನ್ನು ಸೀಳಿ ಅದರ ಹಿಂದೆಯೇ ಗುಳ್ಳೆ ಮಾಡುತ್ತದೆ. ಚೆಂದ ಕಾಣಲಿ ಅಂತ ಸೊಳ್ಳೆ ಪರದೆಯಂಥ ಜಾಲರಿ ಹಾಕಿದವರನ್ನೂ ನೋಡಿದ್ದೇನೆ. ಅದು ಪಂಪಿನ ಕತ್ತು ಹಿಸುಕಿದ ಹಾಗೆ.

ತೂಕ: ಯಾರೂ ಒಪ್ಪಿಕೊಳ್ಳದ ದೋಷ

ಗಾಳಿ ಇಲ್ಲ, ನೀರು ಗಟ್ಟಿಯಾಗಿ ಬರುತ್ತಿದೆ, ಆದರೂ ದೋಣಿ ನೀರಿನ ಮೇಲೆ ಏಳುತ್ತಿಲ್ಲ. ಹಾಗಿದ್ದರೆ ತಕ್ಕಡಿ ತನ್ನಿ.

ಅಸಲಿ ಮಾರ್ಕ್ 2 ಪಿಬಿಆರ್ ಉದ್ದ 32 ಅಡಿ, ತುಂಬಿದ ತೂಕ ಸುಮಾರು 8 ಟನ್. ಮಾದರಿಯ ಉದ್ದ 16ರಲ್ಲಿ ಒಂದು ಪಾಲು ಆದರೆ ತೂಕ 16ರಲ್ಲಿ ಒಂದಲ್ಲ. 16ನ್ನು 16ರಿಂದ, ಮತ್ತೆ 16ರಿಂದ ಗುಣಿಸಬೇಕು, ಅಂದರೆ 4,096ರಲ್ಲಿ ಒಂದು ಪಾಲು. 8 ಟನ್ನಿಗೆ ಸುಮಾರು 2 ಕಿಲೋ ಬಂತು. 61 ಸೆಂಟಿಮೀಟರ್ ಉದ್ದದ ದೋಣಿಗೆ ಬ್ಯಾಟರಿ, ಮೋಟಾರ್, ಪಂಪು, ಬಂದೂಕು, ಬೊಂಬೆ, ಬಣ್ಣ ಎಲ್ಲಾ ಸೇರಿ 2 ಕಿಲೋ. 1/10 ಅಳತೆಯಲ್ಲಾದರೆ 8 ಕಿಲೋ ಬರುತ್ತದೆ, ಅಲ್ಲಿ ಉಸಿರಾಡಲು ಜಾಗ ಇದೆ. ಟಮಿಯಾ ಕಂಪನಿಯ 1/35 ಅಳತೆಯ ಪ್ಲಾಸ್ಟಿಕ್ ಕಿಟ್ಟಿಗೆ ಮೋಟಾರ್ ಹಾಕುವ ಧೈರ್ಯವಂತರೂ ಇದ್ದಾರೆ. ಅಲ್ಲಿ ಲೆಕ್ಕ ಬರುವುದು 190 ಗ್ರಾಮಿನ ಆಸುಪಾಸು. ಅವರಿಗೆ ನನ್ನ ನಮಸ್ಕಾರ.

ನನ್ನ ದೋಣಿ ತೂಗಿದಾಗ 2 ಕಿಲೋ 700 ಗ್ರಾಂ ಇತ್ತು. ಆ ಅಗಲದ ದೋಣಿ ಪ್ರತಿ 100 ಗ್ರಾಮಿಗೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಕೆಳಗೆ ಕೂರುತ್ತದೆ. ಅಂದರೆ ನನ್ನದು 7 ಮಿಲಿಮೀಟರ್ ಜಾಸ್ತಿ ಮುಳುಗಿತ್ತು. ಏನಂತೆ 7 ಮಿಲಿಮೀಟರ್ ಅನ್ನಬೇಡಿ. ಅಸಲಿ ದೋಣಿಯ ಲೆಕ್ಕದಲ್ಲಿ ಅದು 11 ಸೆಂಟಿಮೀಟರ್.

ಭಾರ ಎಲ್ಲಿ ಅಡಗಿರುತ್ತದೆ ಅಂದರೆ, ಕಣ್ಣಿಗೆ ಚೆಂದ ಕಾಣುವ ಕಡೆ. ಮುಂದಿನ ಗುಂಡಿಯಲ್ಲಿ ಜೋಡಿ .50 ಕ್ಯಾಲಿಬರ್ ಮೆಷಿನ್ ಗನ್ ಇರುತ್ತದೆ, ಅದನ್ನು ಬಿಳಿ ಲೋಹದಲ್ಲಿ ಎರಕ ಹೊಯ್ದಿರುತ್ತಾರೆ. ನಾಲ್ಕು ಜನ ಸಿಬ್ಬಂದಿ ರೆಸಿನ್ ಬೊಂಬೆಗಳು, ಒಳಗೆ ಟೊಳ್ಳಿಲ್ಲ. ರಾಡಾರಿನ ಗುಮ್ಮಟ ಗಟ್ಟಿ ಮರದ್ದು. ಇವೆಲ್ಲಾ ಮೇಲೆ ಮತ್ತು ಮುಂದೆ ಕೂರುವ ಭಾರ. ತಿರುವಿನಲ್ಲಿ ದೋಣಿ ಹೊರಕ್ಕೆ ವಾಲಿ, ತಿರುವಿನ ಒಳಬದಿಯ ಪಂಪಿನ ಬಾಯಿ ನೀರಿನಿಂದ ಮೇಲೆದ್ದು, ಮತ್ತೆ ಗಾಳಿ! ನೋಡಿ, ತೂಕದ ದೋಷ ಗಾಳಿಯ ವೇಷ ಹಾಕಿಕೊಂಡು ಬರುತ್ತದೆ. ತಿರುವಿನಲ್ಲಿ ಮಾತ್ರ ಚೀರುವ ದೋಣಿಯಲ್ಲಿ ಪಂಪು ಬಿಚ್ಚಬೇಡಿ, ಮೇಲಿನ ಭಾರ ಇಳಿಸಿ. ಬೊಂಬೆಗಳ ಬೆನ್ನ ಕಡೆಯಿಂದ ಡ್ರಿಲ್ ಮಾಡಿ ಟೊಳ್ಳು ಮಾಡಬಹುದು. ಗನ್ನುಗಳಿಗೆ ಪ್ಲಾಸ್ಟಿಕ್ ಕೊಳವೆ ಸಾಕು.

ಒಟ್ಟು ತೂಕದಷ್ಟೇ ಮುಖ್ಯ ಅದು ಕೂರುವ ಜಾಗ. ದೋಣಿಯನ್ನು ಎರಡು ಬೆರಳ ಮೇಲೆ ತೂಗಾಡಿಸಿ ಸಮತೂಕದ ಜಾಗ ಗುರುತು ಮಾಡಿ. ಹಿಂದಿನ ಹಲಗೆಯಿಂದ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಇದ್ದರೆ ಶುರು ಮಾಡಲು ಒಳ್ಳೆಯದು, 61 ಸೆಂಟಿಮೀಟರಿನ ದೋಣಿಗೆ 20 ಸೆಂಟಿಮೀಟರ್ ಹತ್ತಿರ. ಅದಕ್ಕಿಂತ ತೀರಾ ಹಿಂದಿದ್ದರೆ ದೋಣಿ ವೇಗದಲ್ಲಿ ಕುದುರೆಯ ಹಾಗೆ ಮೂತಿ ಎತ್ತಿ ಎತ್ತಿ ಹಾಕುತ್ತದೆ. ತೀರಾ ಮುಂದಿದ್ದರೆ ನೇಗಿಲಿನ ಹಾಗೆ ನೀರು ಉಳುತ್ತಾ ಹೋಗುತ್ತದೆ, ಸ್ಟಿಕ್ ಎಷ್ಟು ಕೊಟ್ಟರೂ ಏಳುವುದಿಲ್ಲ. ಬ್ಯಾಟರಿಯನ್ನು ವೆಲ್‌ಕ್ರೋ ಮೇಲೆ ಕೂರಿಸಿ, ಒಂದು ಸಲಕ್ಕೆ 1 ಸೆಂಟಿಮೀಟರ್ ಸರಿಸಿ, ಓಡಿಸಿ, ಮತ್ತೆ ಸರಿಸಿ. ಒಟ್ಟಿಗೆ 5 ಸೆಂಟಿಮೀಟರ್ ಸರಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಹಾಗೆಯೇ, ಎಷ್ಟು ವೇಗ ಬಂದರೆ ಸಾಕು ಅನ್ನುವುದೂ ಗೊತ್ತಿರಲಿ. ಅಸಲಿ ದೋಣಿ ಸುಮಾರು 28 ನಾಟ್ ಓಡುತ್ತಿತ್ತು, ಗಂಟೆಗೆ 52 ಕಿಲೋಮೀಟರ್. ಮಾದರಿಯ ಅಲೆ ಅಸಲಿಯ ಹಾಗೆ ಕಾಣಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. 16ರ ವರ್ಗಮೂಲ 4, ಹಾಗಾಗಿ ಗಂಟೆಗೆ 13 ಕಿಲೋಮೀಟರ್. ಮನುಷ್ಯ ಜೋರಾಗಿ ಓಡಿದಷ್ಟು. ನಿಮ್ಮ ದೋಣಿ ಈಗಾಗಲೇ ಅಷ್ಟು ಓಡುತ್ತಿದ್ದರೆ ಅದರಲ್ಲಿ ದೋಷವೇ ಇಲ್ಲ, ಸುಮ್ನೆ ಬಿಚ್ಚಬೇಡಿ.

ಪಂಪಿನ ಒಳಗೆ

ಈಗ ಬಿಚ್ಚುವ ಕೆಲಸ. ಬ್ಯಾಟರಿ ತೆಗೆದಿಟ್ಟು ಮುಟ್ಟಿ. ಇಂಪೆಲ್ಲರನ್ನು ಬೆರಳಲ್ಲಿ ತಿರುಗಿಸಿದಾಗ ಎಲ್ಲೂ ತಡೆಯದೆ ತಿರುಗಬೇಕು. ಒಂದೇ ಜಾಗದಲ್ಲಿ ಕಿರ್ ಅಂದರೆ ರೆಕ್ಕೆ ಗೋಡೆಗೆ ಉಜ್ಜುತ್ತಿದೆ ಅಥವಾ ಶಾಫ್ಟ್ ಬಗ್ಗಿದೆ. ಸುತ್ತಲೂ ಬಿಗಿಯಾಗಿದ್ದರೆ ಮೋಟಾರ್ ಮತ್ತು ಶಾಫ್ಟ್ ಒಂದೇ ನೇರದಲ್ಲಿಲ್ಲ. ಮೋಟಾರಿನ ಸ್ಕ್ರೂ ಸಡಿಲ ಮಾಡಿ, ಶಾಫ್ಟ್ ತಿರುಗಿಸುತ್ತಾ ಅದು ಹಗುರ ಆಗುವ ಜಾಗದಲ್ಲಿ ಬಿಗಿ ಮಾಡಿ.

ರೆಕ್ಕೆಯ ತುದಿ ಮತ್ತು ಗೋಡೆಯ ನಡುವಿನ ಸಂದು ಕಡಿಮೆ ಇದ್ದಷ್ಟೂ ಒಳ್ಳೆಯದು. ಅಳೆಯಲು ಮಾಮೂಲಿ ಕಾಗದ ಸಾಕು, ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಎರಡು ಮೂರು ಹಾಳೆ ಸರಾಗವಾಗಿ ಹೋದರೆ ಚಿಂತೆ ಇಲ್ಲ. ಐದಾರು ಹಾಳೆ ಹೋಗುತ್ತಿದ್ದರೆ ಮರಳು ತಿಂದು ಪಂಪು ಸವೆದಿದೆ ಅಂತ ನಾನು ತೀರ್ಮಾನ ಮಾಡುತ್ತೇನೆ, ನೀರು ಮುಂದೆ ಹೋಗುವ ಬದಲು ರೆಕ್ಕೆಯ ತುದಿಯಿಂದ ವಾಪಸ್ ಜಾರುತ್ತಿರುತ್ತದೆ. ದಂಡೆಯ ಮರಳಿನಲ್ಲಿ ದೋಣಿ ಇಟ್ಟುಕೊಂಡೇ ಸ್ಟಿಕ್ ಕೊಡುವ ಅಭ್ಯಾಸ ಇದ್ದರೆ ಇದು ಬೇಗ ಬರುತ್ತದೆ.

ಇನ್ನು ಜಾರುವ ದೋಷ. ಕಪ್ಲಿಂಗಿನ ಎರಡೂ ಕಡೆಗೆ, ಮೋಟಾರ್ ಶಾಫ್ಟಿನಿಂದ ಪಂಪಿನ ಶಾಫ್ಟಿನವರೆಗೆ, ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆಯಿರಿ. ತೊಟ್ಟಿಯಲ್ಲಿ ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ. ಗೆರೆ ತುಂಡಾಗಿ ಆಚೀಚೆ ಆಗಿದ್ದರೆ ಪುಟ್ಟ ಸ್ಕ್ರೂ ಜಾರಿದೆ. ಶಾಫ್ಟಿನಲ್ಲಿ ಅರದಿಂದ ಒಂದು ಚಪ್ಪಟೆ ಜಾಗ ಮಾಡಿ, ಸ್ಕ್ರೂಗೆ ಲಾಕಿಂಗ್ ಅಂಟು ಹಾಕಿ ಬಿಗಿ ಮಾಡಿ. ಗೆರೆ ಸರಿಯಿದ್ದೂ ನೀರು ಬರದಿದ್ದರೆ ಇಂಪೆಲ್ಲರೇ ಶಾಫ್ಟಿನ ಮೇಲೆ ಸಡಿಲವಾಗಿದೆ. ಶಾಫ್ಟಿನ ಸ್ಕ್ರೂ ಥ್ರೆಡ್ ಮೇಲೆ ತಿರುಚಿ ಕೂರಿಸುವ ಇಂಪೆಲ್ಲರ್ ಆದರೆ ರಿವರ್ಸ್ ಕೊಟ್ಟಾಗ ತಾನೇ ಬಿಚ್ಚಿಕೊಳ್ಳುತ್ತದೆ. ಅಸಲಿ ದೋಣಿ ಹಿಂದಕ್ಕೆ ಹೋಗುತ್ತಿದ್ದುದು ನಾಝಲ್ ಮೇಲೆ ಮುಚ್ಚಳ ಇಳಿಸಿ ನೀರನ್ನು ಮುಂದಕ್ಕೆ ತಿರುಗಿಸಿ, ಪಂಪನ್ನು ಉಲ್ಟಾ ಓಡಿಸಿ ಅಲ್ಲ. ಮಾದರಿಯಲ್ಲಿ ಅಂಥ ಮುಚ್ಚಳ ಇಲ್ಲದಿದ್ದರೆ ಕಂಟ್ರೋಲರಿನ ಸೆಟ್ಟಿಂಗ್‌ನಲ್ಲಿ ರಿವರ್ಸ್ ತೆಗೆದುಬಿಡಿ.

ಒಂದೇ ಕಡೆಗೆ ಎಳೆಯುವ ದೋಣಿ

ಎರಡು ಪಂಪಿನ ದೋಣಿಗೆ ಇದು ಖಾಯಿಲೆಯೇ. ನೇರ ಬಿಟ್ಟರೂ ಎಡಕ್ಕೋ ಬಲಕ್ಕೋ ಹೋಗುತ್ತದೆ. ಎಲ್ಲರೂ ರಿಮೋಟಿನ ಟ್ರಿಮ್ (ಸ್ಟಿಕ್ಕಿನ ನಡುಬಿಂದು ಸರಿಸುವ ಗುಂಡಿ) ತಿರುಗಿಸಿ ಸರಿಮಾಡುತ್ತಾರೆ, ಅದು ಸರಿಮಾಡಿದ್ದಲ್ಲ, ಮುಚ್ಚಿಟ್ಟಿದ್ದು.

ಒಂದು ಕೊಕ್ಕೆ ತಕ್ಕಡಿ ತೆಗೆದುಕೊಳ್ಳಿ, ಲಗೇಜ್ ತೂಗುವಂಥದ್ದು. ದೋಣಿಯ ಹಿಂಭಾಗಕ್ಕೆ ದಾರ ಕಟ್ಟಿ, ತೊಟ್ಟಿಯ ಅಂಚಿನಲ್ಲಿ ತಕ್ಕಡಿ ಹಿಡಿದು, ಒಂದು ಸಲಕ್ಕೆ ಒಂದೇ ಪಂಪು ಓಡಿಸಿ, ಎಷ್ಟು ಗ್ರಾಂ ಎಳೆಯುತ್ತದೆ ನೋಡಿ. ಎರಡೂ ಹೆಚ್ಚುಕಮ್ಮಿ ಸಮ ಇರಬೇಕು. ಒಂದು ತುಂಬಾ ಕಡಿಮೆ ಇದ್ದರೆ ಮೇಲಿನ ಎಲ್ಲಾ ಪರೀಕ್ಷೆ ಆ ಪಂಪಿಗೆ ಮಾತ್ರ ಮಾಡಿ. ಹೊಸದಾಗಿ ಕಟ್ಟಿದ ದೋಣಿಯಲ್ಲಿ ಒಂದು ಪಂಪು ತೀರಾ ಕಡಿಮೆ ಎಳೆದರೆ ಮೋಟಾರ್ ಉಲ್ಟಾ ತಿರುಗುತ್ತಿರಬಹುದು. ಬ್ರಷ್‌ಲೆಸ್ ಮೋಟಾರಿನ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಬ್ರಷ್ ಮೋಟಾರಾದರೆ ಇರುವ ಎರಡನ್ನೇ. ಮೊದಲು ರೆಕ್ಕೆಯ ವಾಲು ನೋಡಿಕೊಳ್ಳಿ, ಕೆಲವು ಜೋಡಿ ಪಂಪುಗಳಲ್ಲಿ ಎಡದ್ದು ಬಲದ್ದು ಎದುರುಬದುರು ತಿರುಗುವಂತೆ ಮಾಡಿರುತ್ತಾರೆ.

ಎಳೆತ ಸಮ ಇದ್ದೂ ದೋಣಿ ಎಳೆದರೆ ಎರಡು ಕಂಟ್ರೋಲರುಗಳಿಗೆ ಸ್ಟಿಕ್ ಕಲಿಸುವ ಕೆಲಸವನ್ನು (ಸ್ಟಿಕ್ಕಿನ ಶುರು ಎಲ್ಲಿ, ಕೊನೆ ಎಲ್ಲಿ ಅಂತ ಗುರುತು ಮಾಡಿಸುವುದು) ಮತ್ತೊಮ್ಮೆ ಮಾಡಿ. ಆಮೇಲೆ ನಾಝಲ್ ಕಡ್ಡಿ. ಅದನ್ನು ತಿರುಗಿಸುವ ಪುಟ್ಟ ಮೋಟಾರ್, ಅಂದರೆ ಸರ್ವೋ, ನಡುವಿನಲ್ಲಿದ್ದಾಗ ಎರಡೂ ನಾಝಲ್ ನೇರ ಹಿಂದಕ್ಕೆ ನೋಡುತ್ತಿರಬೇಕು.

ಎರಡು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೋಲುವುದು

ಇದಕ್ಕೆ ಉತ್ತರ ಬೇಗ ಸಿಗುತ್ತದೆ. ದಂಡೆಗೆ ತಂದು ಮೊದಲು ಮುಚ್ಚಳ ತೆಗೆಯಿರಿ. ಒಳಗೆ ನೀರಿದ್ದರೆ ಅದೇ ಕಾರಣ. ಒಂದು ಲೋಟ ನೀರು 200 ಗ್ರಾಂ ಅಲ್ವಾ, ಮೇಲೆ ಹೇಳಿದ ಲೆಕ್ಕ ನೀವೇ ಹಾಕಿಕೊಳ್ಳಿ, ಮೇಲಾಗಿ ಅದು ಹಿಂದಕ್ಕೆ ಮುಂದಕ್ಕೆ ಓಡಾಡುವ ಭಾರ. ಹೆಚ್ಚಾಗಿ ಸೋರುವುದು ನಾಝಲ್ ತಿರುಗಿಸುವ ಕಡ್ಡಿಯ ರಬ್ಬರ್ ತೋಳಿನಲ್ಲಿ. ಒಳಗೆ ಒಣಗಿದ್ದು ಮೋಟಾರ್ ಮುಟ್ಟಲಾಗದಷ್ಟು ಬಿಸಿ ಇದ್ದರೆ ಪಾಚಿ ಸುತ್ತಿಕೊಂಡಿದೆ, ಆಂಪ್ ಜಾಸ್ತಿ ತೋರಿಸಿರುತ್ತದೆ. ಎರಡೂ ಇಲ್ಲ, ಸ್ಟಿಕ್ ಪೂರ್ತಿ ಕೊಟ್ಟಾಗ ಮಾತ್ರ ಕಟ್ ಆಗಿ ಬಿಟ್ಟಾಗ ಮತ್ತೆ ಬರುತ್ತದೆ ಅಂದರೆ ಬ್ಯಾಟರಿಗೆ ವಯಸ್ಸಾಗಿದೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸುಮ್ಮನೆ ಕೂತಾಗ ಒಳ್ಳೆಯ ವೋಲ್ಟೇಜ್ ತೋರಿಸುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಓಡುವಾಗಲೇ ಮೀಟರ್ ನೋಡಿ. ಸೆಲ್ ಒಂದಕ್ಕೆ 3.3 ವೋಲ್ಟಿಗಿಂತ ಕೆಳಗೆ ಇಳಿಯುತ್ತಿದ್ದರೆ ಆ ಬ್ಯಾಟರಿ ಬಿಟ್ಟುಬಿಡಿ. ಉಬ್ಬಿದ್ದರಂತೂ ಮತ್ತೆ ಚಾರ್ಜ್ ಮಾಡಲೇಬೇಡಿ.

ದೂರ ಹೋದಾಗ ಮಾತ್ರ ತಡವರಿಸಿದರೆ ಪಂಪಿಗೂ ಅದಕ್ಕೂ ಸಂಬಂಧ ಇಲ್ಲ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನಲ್ಲಿ ಸಾಗುವುದಿಲ್ಲ. ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಲಿ, ರಾಡಾರ್ ಕಂಬದ ಒಳಗೆ ಏರಿಸಿದರೆ ಕಾಣುವುದೂ ಇಲ್ಲ.

ನನ್ನ ದೋಣಿ ಈಗ 2 ಕಿಲೋ 150 ಗ್ರಾಂ ಇದೆ. ದೊಡ್ಡ ಮೋಟಾರ್ ತೆಗೆದು ಹಳೆಯ ಸಣ್ಣದನ್ನೇ ವಾಪಸ್ ಹಾಕಿದ್ದೇನೆ, ಮೂರು ಬ್ಯಾಟರಿ ಓಡಿಸಿದ ಮೇಲೆ ಒಂದು ಸಲ ಶಾಫ್ಟ್ ಟ್ಯೂಬಿಗೆ ಗ್ರೀಸ್ ತುಂಬುತ್ತೇನೆ. ಎಡದ ಪಂಪು ಇನ್ನೂ ಬಲದ್ದಕ್ಕಿಂತ ಚೂರು ಕಡಿಮೆ ಎಳೆಯುತ್ತದೆ. ಕಾಗದ ಹಾಕಿ ನೋಡಿದೆ, ನಾಲ್ಕು ಹಾಳೆ ಹೋಯಿತು.